ಗೇಣುದ್ದದ ಚೇತಕ್

ಚೇತಕ್ ಹೆಲಿಕಾಪ್ಟರಿನ ಎಂಜಿನ್‌ಗೆ ಹೊದಿಕೆ ಇಲ್ಲ. ಜನ ಕೂರುವ ಕೋಣೆಯ ಹಿಂದೆ, ರೋಟರ್ ಕಂಬದ ಬೆನ್ನಿಗೆ, ಆರ್ಟೂಸ್ಟ್ ಎನ್ನುವ ಟರ್ಬೈನ್ ಎಂಜಿನ್ ಬಿಸಿಲಿಗೂ ಮಳೆಗೂ ಮೈಯೊಡ್ಡಿಕೊಂಡು ಕೂತಿರುತ್ತದೆ. ಅದರ ಕೊಳವೆ, ವಯರು, ಬಿಗಿಪಟ್ಟಿ, ಬೋಲ್ಟು ಎಲ್ಲವೂ ನೆಲದ ಮೇಲೆ ನಿಂತವರ ಕಣ್ಣಿಗೆ ಬೀಳುತ್ತವೆ. ಬೇರೆ ಹೆಲಿಕಾಪ್ಟರ್‌ಗಳ ಮಾಡೆಲ್ ಕಟ್ಟುವಾಗ ಎಂಜಿನ್ನಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ಮೇಲಿನ ಮುಚ್ಚಳ ಅಂಟಿಸಿ ಬಣ್ಣ ಬಳಿದರೆ ಮುಗಿಯಿತು. ಚೇತಕ್‌ನಲ್ಲಿ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಅದಕ್ಕೇ ನನಗೆ ಚೇತಕ್ ಎಂದರೆ ಅಷ್ಟು ಇಷ್ಟ.

ಸಾಗರದ ನಮ್ಮ ಮನೆಯ ಜಗುಲಿಯಲ್ಲಿ ಈಗ ಒಂದು ಚೇತಕ್ ಅರ್ಧ ಕಟ್ಟಿ ನಿಂತಿದೆ. ಫ್ರಾನ್ಸಿನ ಹೆಲ್ಲರ್ ಕಂಪನಿಯ ಪ್ಲಾಸ್ಟಿಕ್ ಕಿಟ್, 1:50 ಅಳತೆ. ಅಸಲಿ ಚೇತಕ್‌ನ ರೋಟರ್ ಸುಮಾರು 11 ಮೀಟರ್ ಅಗಲ. ಐವತ್ತರಿಂದ ಭಾಗಿಸಿದರೆ 22 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಗೇಣು. ಈ ಗೇಣುದ್ದದ ಯಂತ್ರದಲ್ಲಿ ಕಂಪನಿಯವರು ಕೊಟ್ಟಿರುವ ಎಂಜಿನ್ ಎಂದರೆ ಕೆಲವು ಉರುಟು ತುಂಡುಗಳು, ಅಷ್ಟೆ. ಡೀಟೇಲಿಂಗ್ ಎನ್ನುವ ಕೆಲಸ ಶುರುವಾಗುವುದು ಅಲ್ಲಿಂದ.

ಕೆಟ್ಟುಹೋದ ಇಯರ್‌ಫೋನ್ ಬಿಚ್ಚಿದರೆ ಒಳಗೆ ಕೂದಲೆಳೆಯಂಥ ತಾಮ್ರದ ತಂತಿ ಸಿಗುತ್ತದೆ. ಅದು ಎಣ್ಣೆ ಹರಿಯುವ ಪೈಪಾಗುತ್ತದೆ. ಮಾತ್ರೆಯ ಪಟ್ಟಿಯ ಬೆನ್ನಿನ ಅಲ್ಯೂಮಿನಿಯಂ ಹಾಳೆಯನ್ನು ಬ್ಲೇಡಿನಲ್ಲಿ ಸೀಳಿದರೆ ಪೈಪಿನ ಬಿಗಿಪಟ್ಟಿಯೂ ಆಯಿತು, ಪೈಲಟ್ಟಿನ ಸೀಟ್ ಬೆಲ್ಟೂ ಆಯಿತು. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನಂತೂ ಎಸೆಯುವ ಹಾಗೇ ಇಲ್ಲ. ಅದರ ಒಂದು ತುಂಡನ್ನು ಮೇಣದಬತ್ತಿಯ ಉರಿಯ ಮೇಲೆ, ಉರಿಗೆ ತಾಗದಷ್ಟು ಎತ್ತರದಲ್ಲಿ, ತಿರುಗಿಸುತ್ತ ಹಿಡಿಯಬೇಕು. ಮೊದಲು ಹೊಳಪು ಬರುತ್ತದೆ, ಆಮೇಲೆ ನಡು ಮೆತ್ತಗಾಗಿ ಬಾಗತೊಡಗುತ್ತದೆ. ಆಗ ಬೆಂಕಿಯಿಂದ ಆಚೆ ತಂದು ಎರಡು ಕೈಯಲ್ಲೂ ಎಳೆದರೆ ಎಳೆಯಾಗಿ ಬರುತ್ತದೆ. ನಿಧಾನವಾಗಿ ಎಳೆದರೆ ದಪ್ಪ ಎಳೆ, ಬಿರುಸಾಗಿ ಎಳೆದರೆ ಕೂದಲಿಗಿಂತ ಸಣ್ಣ ಎಳೆ. ರೇಡಿಯೊ ಆಂಟೆನಾಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಅಂಗಡಿಯಲ್ಲಿ ಸಿಗುವುದಿಲ್ಲ.

ಆದರೆ ಕೈಚಳಕ ಇದರ ಅರ್ಧ ಮಾತ್ರ. ತಂತಿ ಬಗ್ಗಿಸುವ ಮೊದಲು ಈ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ತಿಳಿದಿರಬೇಕು. ಇಂಧನದ್ದೋ, ಎಣ್ಣೆಯದ್ದೋ? ಇಲ್ಲಿಯೇ ಯಾಕೆ ಬಾಗಿದೆ? ಫೋಟೊ ನೋಡಿ ಒಂದಿಷ್ಟು ತಂತಿ ತುರುಕಿದರೆ ದೂರದಿಂದ ಚೆನ್ನಾಗಿಯೇ ಕಾಣಬಹುದು. ಆದರೆ ಹೆಲಿಕಾಪ್ಟರ್ ರಿಪೇರಿಯಲ್ಲಿ ಕೈ ಪಳಗಿದವರೊಬ್ಬರು ಬಂದು ಬಗ್ಗಿ ನೋಡಿದರೆ ಆ ಎಂಜಿನ್ ಓಡುವುದಿಲ್ಲ ಎಂದು ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸಣ್ಣದನ್ನು ಸರಿಯಾಗಿ ಮಾಡಲು ದೊಡ್ಡದರ ಪೂರ್ತಿ ಪರಿಚಯ ಬೇಕು ಎಂದು ನಾನು ನಂಬಿದ್ದೇನೆ. ಈ ಹವ್ಯಾಸವನ್ನು ಆಟಿಕೆ ಎಂದು ಯಾರಾದರೂ ಪಕ್ಕಕ್ಕೆ ಸರಿಸಿದರೆ ನನಗೆ ನೋವಾಗುವುದೂ ಅದಕ್ಕೇ.

ಎಂಜಿನ್ ಬಯಲಲ್ಲಿ ಇರುವುದರಿಂದ ಏನು ಲಾಭ ಎಂದು ಹುಡುಕುತ್ತ ಹೋದರೆ ಬೆಟ್ಟಕ್ಕೆ ಬಂದು ಮುಟ್ಟುತ್ತೇವೆ. ಹೊದಿಕೆಯ ತೂಕ ಇಲ್ಲ, ಮೆಕ್ಯಾನಿಕ್ ನೇರವಾಗಿ ಕೈಯಿಡಬಹುದು. ಎತ್ತರದ ಜಾಗದಲ್ಲಿ ಇವೆರಡೂ ದೊಡ್ಡ ಮಾತು. ಆಲುಎಟ್ 3 ಎಂಬ ಫ್ರೆಂಚ್ ಹೆಸರಿನಲ್ಲಿ ಚೇತಕ್ ಮೊದಲು ಹಾರಿದ್ದು 1959ರಲ್ಲಿ. ಮರುವರ್ಷವೇ ಏಳು ಜನರನ್ನು ಹೊತ್ತು ಮೋಂಟ್ ಬ್ಲಾಂಕ್ ಶಿಖರದ ಮೇಲೆ ಇಳಿದು ಎದ್ದಿತು. ಅದೇ 1960ರ ನವೆಂಬರಿನಲ್ಲಿ ನಮ್ಮ ಹಿಮಾಲಯದ ದೇವ್ ಟಿಬ್ಬಾದಲ್ಲಿ 6,000 ಮೀಟರ್ ಎತ್ತರಕ್ಕೆ ಹೋಗಿ ಇಳಿಯಿತು. 1962ರಲ್ಲಿ ಭಾರತದಲ್ಲೇ ತಯಾರಿಸಲು ಲೈಸೆನ್ಸ್ ಒಪ್ಪಂದವಾಯಿತು, 1965ರ ಜೂನ್ 11ರಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜೋಡಿಸಿದ ಮೊದಲ ಯಂತ್ರ ಹಾರಿತು. ಆಮೇಲೆ 300ಕ್ಕೂ ಹೆಚ್ಚು ಚೇತಕ್‌ಗಳು ಅಲ್ಲಿಂದ ಹೊರಬಂದವು. ಫ್ರಾನ್ಸಿನಲ್ಲಿ ಹುಟ್ಟಿದ್ದಾದರೂ ಕನ್ನಡದ ಮಾತು ಕೇಳುತ್ತ, ನಮ್ಮ ಫಿಟ್ಟರುಗಳ, ವೆಲ್ಡರುಗಳ ಕೈಯಲ್ಲಿ ಬೆಳೆದ ಯಂತ್ರ ಇದು. ಸಾಗರದಲ್ಲಿ ಕೂತು ಇದರ ಮಾಡೆಲ್ ಮಾಡುವಾಗ ಹೊರಗಿನವನು ಎನ್ನುವ ಭಾವನೆ ನನಗೆ ಯಾವತ್ತೂ ಬಂದಿಲ್ಲ.

ಅಳತೆಯ ಶಿಸ್ತು ಈ ಊರಿಗೆ ಹೊಸದೂ ಅಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ ಭೂಮಾಪನವನ್ನು ನಾವು ಇವತ್ತಿಗೂ ಶಿಸ್ತು ಎಂದೇ ಕರೆಯುತ್ತೇವೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಉದ್ದವನ್ನೇ ಆಧಾರವಾಗಿಟ್ಟುಕೊಂಡ ಕೋಲಿನಿಂದ ತೋಟಗಳನ್ನು ಅಳೆಯುತ್ತಿದ್ದರು ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಉದ್ದ 18 ಅಡಿ 6 ಅಂಗುಲ. ಲೆಕ್ಕ ಹಾಕಿ ನೋಡಿದೆ: ಅಂಥ ಎರಡು ಕೋಲು ಜೋಡಿಸಿದರೆ ಚೇತಕ್‌ನ ರೋಟರ್ ಅಗಲಕ್ಕೆ ಹತ್ತಿರ ಬರುತ್ತದೆ. ಇದು ಬರೀ ಕಾಕತಾಳೀಯ. ಆದರೆ ಕಲ್ಲಿನಲ್ಲಿ ಒಂದು ಅಳತೆಯನ್ನು ನಿಲ್ಲಿಸಿ, ರೈತನೂ ಶಾನುಭೋಗನೂ ಅದಕ್ಕೇ ಬದ್ಧರಾಗಿ ನಡೆದ ನಾಡು ಇದು ಎನ್ನುವುದು ನನಗೆ ಹೆಮ್ಮೆಯ ಸಂಗತಿ. ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 1:50 ಮಾಡೆಲ್‌ನಲ್ಲಿ ಅದು ಐದು ಸೆಂಟಿಮೀಟರಿನ ಸುಳ್ಳು.

ಇನ್ನು ನಮ್ಮ ಗುಡಿಗಾರರು. ಸಾಗರ, ಸೊರಬದ ಗುಡಿಗಾರ ಮನೆತನಗಳು ಗಂಧದ ಪೆಟ್ಟಿಗೆ ಕೆತ್ತಿದವು, ಬೆಂಡಿನ ಬಾಸಿಂಗ ಕಟ್ಟಿದವು, ಗಣಪತಿ ಮಾಡಿದವು, ಯಕ್ಷಗಾನದ ಮರದ ಆಭರಣ ಮಾಡಿಕೊಟ್ಟವು. ಅಂಗೈಯಗಲದ ಗಂಧದ ಮುಚ್ಚಳದ ಮೇಲೆ ಆನೆ ಕೆತ್ತುವುದನ್ನು ಹತ್ತಿರ ಕೂತು ನೋಡಬೇಕು. ಚರ್ಮದ ಸುಕ್ಕು ಅಷ್ಟನ್ನೂ ಕೆತ್ತುವುದಿಲ್ಲ. ಕಣ್ಣಿನ ಸುತ್ತ ಎರಡು ಗೆರೆ, ಸೊಂಡಿಲು ಮಡಿಸುವ ಜಾಗದಲ್ಲಿ ಕೆಲವು, ಕಿವಿಯ ಅಂಚಿಗೆ ಉಳಿಯ ಒಂದು ಹಗುರ ಒತ್ತು. ಇಷ್ಟಕ್ಕೆ ಆನೆ ಎದ್ದು ಬರುತ್ತದೆ. ಎಲ್ಲವನ್ನೂ ಕೆತ್ತಿದ್ದರೆ ಮರ ಗೀಚಿದ ಹಾಗೆ ಕಾಣುತ್ತಿತ್ತು, ಅಷ್ಟೆ.

ಮಾಡೆಲ್ ಮೇಜಿನ ಮೇಲೆ ಈ ಪಾಠ ದಿನವೂ ಬೇಕಾಗುತ್ತದೆ. ಹೆಲಿಕಾಪ್ಟರಿನ ಮೈಮೇಲೆ ಐದು ಮಿಲಿಮೀಟರಿನ ರಿವೆಟ್ ತಲೆ ಇದೆ ಎಂದುಕೊಳ್ಳಿ. ನನ್ನ ಅಳತೆಯಲ್ಲಿ ಅದು 0.1 ಮಿಲಿಮೀಟರ್. ಕಣ್ಣಿಗೆ ಕಾಣುವಂತಿಲ್ಲ. ಆದರೆ ಹಳೆಯ ಕಿಟ್‌ಗಳಲ್ಲಿ ರಿವೆಟ್‌ಗಳನ್ನು ಅರ್ಧ ಮಿಲಿಮೀಟರ್ ಗುಬ್ಬಿಗಳಾಗಿ ಮಾಡಿರುತ್ತಾರೆ. ಅದನ್ನು ದೊಡ್ಡದು ಮಾಡಿ ನೋಡಿದರೆ ಒಂದೊಂದೂ ಒಂದಿಂಚಿನ ಗುಂಡಿಯಾಗುತ್ತದೆ. ಎಮರಿ ಪೇಪರನ್ನು ನೀರಿನಲ್ಲಿ ನೆನೆಸಿ ಅವುಗಳನ್ನು ಸವೆಸಬೇಕು, ನೆರಳು ಬೀಳುವಷ್ಟು ಮಾತ್ರ ಉಳಿಸಬೇಕು. ಹೆಚ್ಚು ಸೇರಿಸಿದವರೇ ಒಳ್ಳೆಯ ಕೆಲಸಗಾರರು ಎಂಬ ಅಭಿಪ್ರಾಯ ಮಾಡೆಲ್ ಮಾಡುವವರಲ್ಲಿ ಬಹಳ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಸೇರಿಸುವುದಕ್ಕಿಂತ ಕಷ್ಟದ ಕೆಲಸ. ಯಂತ್ರವನ್ನು ಚೆನ್ನಾಗಿ ತಿಳಿದವರಿಗೆ ಮಾತ್ರ ಅದು ಸಾಧ್ಯ.

ಬಣ್ಣದ್ದೂ ಅದೇ ಕಥೆ. ವಾಯುಪಡೆ ಬಳಸುವ ಬಣ್ಣವನ್ನೇ ತಂದು ಬಳಿದರೆ ಮಾಡೆಲ್ ಕಪ್ಪಿಟ್ಟ ಹಾಗೆ ಕಾಣುತ್ತದೆ. ನಗರದ ಕೋಟೆಯ ಕಡೆಯಿಂದ ಕೊಡಚಾದ್ರಿಯನ್ನು ನೋಡಿದವರಿಗೆ ಕಾರಣ ಗೊತ್ತಿದೆ. ಹತ್ತಿರ ಹೋದರೆ ದಟ್ಟ ಹಸಿರಾಗಿರುವ ಕಾಡು ದೂರದಿಂದ ತಿಳಿ ನೀಲಿ ಬೂದು. ನಡುವಿನ ಗಾಳಿ ಬಣ್ಣವನ್ನು ತಿಳಿಯಾಗಿಸುತ್ತದೆ. ಗೇಣುದ್ದದ ಹೆಲಿಕಾಪ್ಟರನ್ನು ನೋಡುವುದೆಂದರೆ ಅಸಲಿಯನ್ನು ಅಷ್ಟು ದೂರದಿಂದ ನೋಡಿದ ಹಾಗೆ. ಆದ್ದರಿಂದ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು. ವಾಯುಪಡೆಯ ವೃತ್ತ ಬರೆಯುವಾಗ ಮಾತ್ರ ಎಚ್ಚರ ತಪ್ಪಬಾರದು: ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಒಳಗೆ.

ಮಳೆಗಾಲದಲ್ಲಿ ಈ ಕೆಲಸ ಮಾಡುವವರು ಆಗುಂಬೆ, ಹುಲಿಕಲ್ಲಿನ ಸೀಮೆಯಲ್ಲಿ ಬಹಳ ತಾಳ್ಮೆ ಇಟ್ಟುಕೊಂಡಿರಬೇಕು. ಗಾಳಿಯಲ್ಲೇ ನೀರಿರುವಾಗ ಸ್ಪ್ರೇ ಮಾಡಿದ ಲ್ಯಾಕರ್ ಒಣಗುವಾಗ ಬಿಳಿಚಿಕೊಳ್ಳುತ್ತದೆ. ತೀರ್ಥಹಳ್ಳಿಯ ಗೆಳೆಯರೊಬ್ಬರು ಮರದ ಪೆಟ್ಟಿಗೆಯಲ್ಲಿ ಒಂದು ಹಳೆಯ ಕಾಲದ ಬಲ್ಬು ಉರಿಸಿ, ಒಳಗೆ ಬೆಚ್ಚಗೆ ಮಾಡಿ, ಅದರಲ್ಲಿ ಬಿಡಿಭಾಗ ಒಣಗಿಸುತ್ತಾರೆ. ಇನ್ನೊಂದು ತೊಂದರೆ ಗಾಜಿನದು. ಚೇತಕ್‌ನ ಮುಂಭಾಗ ಪೂರ್ತಿ ಗಾಜು. ಅದನ್ನು ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಅಂಟಿನ ಆವಿ ಒಳಗೆ ಕೂತು ಗಾಜು ಮಂಜಾಗುತ್ತದೆ, ಆಮೇಲೆ ಒರೆಸಲು ದಾರಿಯಿಲ್ಲ. ಮರದ ಕೆಲಸದ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದೂ ಇಲ್ಲ.

ಗಾಜು ಅಷ್ಟು ದೊಡ್ಡದಾದ್ದರಿಂದ ಒಳಗಿನ ನೆಲವೂ ಕಾಣುತ್ತದೆ. ನಾನು ಮಾಡುತ್ತಿರುವ ಚೇತಕ್‌ನಲ್ಲಿ ಆ ನೆಲವೇ ಮುಖ್ಯ. 1971ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ದೀಮಾಪುರದಲ್ಲಿ, ಬಾಂಗ್ಲಾದೇಶದ ಬಿಡುಗಡೆಗಾಗಿ ಹೋರಾಡುತ್ತಿದ್ದ ಬಂಗಾಳಿ ವೈಮಾನಿಕರು ಒಂದು ಸಣ್ಣ ವಾಯುದಳ ಕಟ್ಟಿದರು. ಹೆಸರು ಕಿಲೋ ಫ್ಲೈಟ್. ಭಾರತ ಅವರಿಗೆ ಕೊಟ್ಟಿದ್ದು ಒಂದು ಡಕೋಟಾ, ಒಂದು ಆಟರ್ ವಿಮಾನ, ಒಂದು ಆಲುಎಟ್ ಹೆಲಿಕಾಪ್ಟರ್. ಯುದ್ಧಕ್ಕೆಂದು ಮಾಡಿದ ಯಂತ್ರವಲ್ಲ ಅದು. ಎರಡು ಪಕ್ಕಕ್ಕೂ ಚೌಕಟ್ಟು ಕಟ್ಟಿ 14 ರಾಕೆಟ್ ಕೂರಿಸಿದರು, .303 ಬ್ರೌನಿಂಗ್ ಮೆಷಿನ್ ಗನ್ ಇಟ್ಟರು. ಕೆಳಗಿನಿಂದ ಬರುವ ಗುಂಡಿಗೆ ತಡೆಯಾಗಲೆಂದು ನೆಲಕ್ಕೆ ಒಂದಿಂಚು ದಪ್ಪದ ಉಕ್ಕಿನ ತಗಡು ಬೆಸೆದರು. ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಮತ್ತು ಬದ್ರುಲ್ ಆಲಂ ಅದನ್ನು ಹಾರಿಸಿಕೊಂಡು ಹೋಗಿ ನಾರಾಯಣಗಂಜ್‌ನ ತೈಲ ಸಂಗ್ರಹಾಗಾರದ ಮೇಲೆ ದಾಳಿ ಮಾಡಿದರು.

ಆ ಒಂದಿಂಚು ನನ್ನ ಅಳತೆಯಲ್ಲಿ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಆಕಾರಕ್ಕೆ ಕತ್ತರಿಸಿ, ಅಂಚಿನಲ್ಲಿ ಬೆಸುಗೆಯ ಉಬ್ಬು ಕಾಣುವ ಹಾಗೆ ಎಳೆದ ಪ್ಲಾಸ್ಟಿಕ್ ಎಳೆ ಅಂಟಿಸಿ, ಅಂಟು ಹಸಿಯಿರುವಾಗಲೇ ಸೂಜಿಯಿಂದ ಚುಚ್ಚಿ ಚುಚ್ಚಿ ಒರಟು ಮಾಡಬೇಕು. ಹೀಗೆ ಬಗ್ಗಿ ಕೂತಿರುವಾಗ ಆ ತಗಡು ಯಾರ ಕಾಲಿನ ಕೆಳಗೆ ಇತ್ತು ಎಂಬುದು ಮನಸ್ಸಿನಿಂದ ದೂರವಾಗುವುದಿಲ್ಲ. ತೆಳು ಅಲ್ಯೂಮಿನಿಯಂ ಮೈಯ, ಮುಂದೆಲ್ಲ ಗಾಜೇ ಇರುವ ಯಂತ್ರದಲ್ಲಿ ಆ ವೈಮಾನಿಕರು ರಾತ್ರಿ ಹೊರಟರು. ಯುದ್ಧಯಂತ್ರದ ಮಾಡೆಲ್ ಮಾಡುವವರು ಯುದ್ಧವನ್ನು ಮೆರೆಸುತ್ತಾರೆ ಎಂಬ ಆಕ್ಷೇಪ ಇದೆ. ಯಂತ್ರ ಏನು ಮಾಡಿತು, ಒಳಗೆ ಯಾರಿದ್ದರು ಎಂದು ತಿಳಿಯದೆ ಬಣ್ಣ ಬಳಿದವರಿಗೆ ಆ ಆಕ್ಷೇಪ ಸಲ್ಲುತ್ತದೆ. ತಿಳಿದು ಮಾಡಿದವರಿಗೆ ಸಲ್ಲದು.

ರೋಟರ್ ರೆಕ್ಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕಿಟ್‌ನಲ್ಲಿ ಅವು ಅಡ್ಡಪಟ್ಟಿಯ ಹಾಗೆ ನೆಟ್ಟಗಿರುತ್ತವೆ. ನಿಂತ ಹೆಲಿಕಾಪ್ಟರಿನ ರೆಕ್ಕೆಗಳು ತಮ್ಮ ಭಾರಕ್ಕೆ ತಾವೇ ತುದಿಯಲ್ಲಿ ಜೋತು ಬಿದ್ದಿರುತ್ತವೆ. ತಿರುಗತೊಡಗಿದಾಗ ನೆಟ್ಟಗಾಗುತ್ತವೆ, ಯಂತ್ರದ ಭಾರ ಹೊತ್ತಾಗ ಮೇಲಕ್ಕೆ ಬಾಗುತ್ತವೆ. ನೆಲದ ಮೇಲೆ ನಿಂತ ಮಾಡೆಲ್‌ಗೆ ನೆಟ್ಟಗಿನ ರೆಕ್ಕೆ ಹಾಕಿದರೆ ಎಂಜಿನ್ನಿಗೆ ಪಟ್ಟ ಶ್ರಮ ಅಷ್ಟೂ ದಂಡ. ಬಿಸಿನೀರಿನಲ್ಲಿ ಅದ್ದಿ, ಬೆರಳಲ್ಲಿ ಸವರುತ್ತ, ಮೂರಕ್ಕೂ ಒಂದೇ ಸಮನಾದ ಬಾಗು ಕೊಡಬೇಕು. ತುದಿಗೆ ಹೋದಂತೆ ರೆಕ್ಕೆ ಹೆಚ್ಚು ಹೆಚ್ಚು ಕೆಳಗಿಳಿಯಬೇಕು.

ಎಂಜಿನ್ ನಿಂತುಹೋದರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಕಾಡಿನ ಹೈಗದ ಮರದ ಕಾಯಿಯನ್ನು ನೋಡಿದವರು ಹಾಗೆ ಹೇಳುವುದಿಲ್ಲ. ಎರಡು ರೆಕ್ಕೆಯ ಆ ಕಾಯಿ ಗಿರಗಿರನೆ ತಿರುಗುತ್ತ ನಿಧಾನವಾಗಿ ಇಳಿಯುತ್ತದೆ. ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತದೆ, ತಿರುಗುವ ರೆಕ್ಕೆ ಬೀಳುವ ವೇಗವನ್ನು ತಡೆಯುತ್ತದೆ. ಹೆಲಿಕಾಪ್ಟರಿಗೂ ಇದೇ ನಿಯಮ. 1972ರ ಜೂನ್ 21ರಂದು ಜಾನ್ ಬುಲೇ ಎಂಬ ಫ್ರೆಂಚ್ ಪೈಲಟ್ ಲಾಮಾ ಹೆಲಿಕಾಪ್ಟರನ್ನು 12,442 ಮೀಟರಿಗೆ ಏರಿಸಿ ದಾಖಲೆ ಮಾಡಿದರು. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟು ಎತ್ತರದಿಂದ ನೆಲದವರೆಗೂ ಬುಲೇ ಬರೀ ತಿರುಗುವ ರೆಕ್ಕೆಯ ಬಲದಲ್ಲಿ ಕ್ಷೇಮವಾಗಿ ಇಳಿದರು.

ಆ ಲಾಮಾ ಹುಟ್ಟಿದ್ದೇ ಭಾರತಕ್ಕಾಗಿ. ಹಿಮಾಲಯದ ಎತ್ತರಕ್ಕೆ ಹೋಗಬಲ್ಲ ಹಗುರ ಯಂತ್ರ ಬೇಕೆಂದು ನಮ್ಮವರು ಕೇಳಿದ್ದರಿಂದ, ಹಳೆಯ ಆಲುಎಟ್ 2ರ ಮೈಗೆ ಆಲುಎಟ್ 3ರ ಎಂಜಿನ್ನನ್ನೂ ರೋಟರನ್ನೂ ಸೇರಿಸಿ ಮಾಡಿದರು. ಎಚ್‌ಎಎಲ್ ಅದನ್ನು ಚೀತಾ ಎಂಬ ಹೆಸರಿನಲ್ಲಿ ತಯಾರಿಸಿತು. 1984ರ ಏಪ್ರಿಲ್ 13ರಂದು ಸಿಯಾಚಿನ್‌ನ ಬಿಲಾಫೊಂಡ್ ಲಾ ಕಣಿವೆಗೆ ಸೈನಿಕರನ್ನು ಇಳಿಸಿದ್ದು ಚೀತಾಗಳು. 2016ರ ಫೆಬ್ರುವರಿಯನ್ನು ಕರ್ನಾಟಕ ಮರೆತಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಅದೇ ಸಿಯಾಚಿನ್‌ನ 19,600 ಅಡಿ ಎತ್ತರದಲ್ಲಿ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕಾಗ, ಅಲ್ಲಿಂದ ಕೆಳಗೆ ತಂದದ್ದು ಹೆಲಿಕಾಪ್ಟರ್. 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಷ್ಟು ಎತ್ತರದಲ್ಲಿ ಒಂದು ಕಿಲೋ ತೂಕ ಉಳಿದರೂ ಅದಕ್ಕೆ ಬೆಲೆಯಿದೆ. ಚೀತಾದ ಬಾಲಕ್ಕೆ ಮೈತಗಡೇ ಇಲ್ಲ, ಬರೀ ಕೊಳವೆಗಳ ಜಾಲರಿ. ಜಾಲರಿಯ ಒಂದೊಂದು ಕಡ್ಡಿಯೂ ಈ ಲೆಕ್ಕದಲ್ಲಿಯೇ ನಿಂತಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹೈಸ್ಕೂಲುಗಳಲ್ಲಿ ಈ ಮಾಡೆಲ್ ಕೆಲಸವನ್ನು ಮಕ್ಕಳ ಕೈಗೆ ಕೊಡಬೇಕು ಎಂಬುದು ನನ್ನ ಬಹಳ ದಿನದ ಆಸೆ. ಎನ್‌ಸಿಸಿಯ ವಾಯುವಿಭಾಗದಲ್ಲಿ ಏರೋಮಾಡೆಲಿಂಗ್ ತರಬೇತಿಯ ಭಾಗವೇ ಆಗಿದೆ. ಆದರೆ ಅಂಥ ಘಟಕ ನಮ್ಮ ಹಳ್ಳಿಯ ಶಾಲೆಗಳ ಹತ್ತಿರ ಎಲ್ಲಿದೆ? ವಿದೇಶಿ ಕಿಟ್ ದುಬಾರಿ, ಅದು ಬೇಕಾಗಿಯೂ ಇಲ್ಲ. ಬೆಂಡು ಇದೆ, ಬಿದಿರು ಇದೆ, ಶಿವನೆ ಮರದ ತುಂಡು ಇದೆ, ಮದುವೆ ಕಾಗದದ ದಪ್ಪ ರಟ್ಟು ಮನೆಮನೆಯಲ್ಲಿ ಇದೆ. ಅನುಪಾತದ ಗಣಿತವನ್ನು ಹಲಗೆಯ ಮೇಲೆ ಬರೆದು ಒಪ್ಪಿಸುವ ಬದಲು, ಹನ್ನೊಂದು ಮೀಟರನ್ನು ಗೇಣಿಗೆ ಇಳಿಸಿ ಕತ್ತರಿಸಿ ಜೋಡಿಸಲಿ. ತಪ್ಪಿದರೆ ಬಾಗಿಲು ಕೂರುವುದಿಲ್ಲ, ಮಗುವಿಗೇ ಗೊತ್ತಾಗುತ್ತದೆ.

ಕಲಿಸಲು ಗುಡಿಗಾರರನ್ನೇ ಕರೆಯಬೇಕು, ಸಂಬಳ ಕೊಟ್ಟು ಕರೆಯಬೇಕು. ಗಂಧದ ಬೆಲೆ ಏರಿ, ಮರ ಸಿಗುವುದು ಕಷ್ಟವಾಗಿ, ಆ ಮನೆಗಳ ಹುಡುಗರು ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಉಳಿಯನ್ನು ಯಾವ ಕೋನದಲ್ಲಿ ಹಿಡಿದರೆ ಎಳೆ ಸಿಗಿಯುವುದಿಲ್ಲ ಎಂಬುದು ಅವರ ಬೆರಳಲ್ಲಿದೆ, ಯಾವ ಪುಸ್ತಕದಲ್ಲೂ ಇಲ್ಲ. ಮೂರು ತಾಲ್ಲೂಕುಗಳಿಗೆ ಸೇರಿ ವರ್ಷಕ್ಕೊಂದು ಪ್ರದರ್ಶನ ಇಟ್ಟರೂ ಸಾಕು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಬರುವ ಜನ ಒಂದು ಸುತ್ತು ನೋಡಿಕೊಂಡು ಹೋಗಲಿ.

ಮಕ್ಕಳಿಗೆ ಮೊದಲ ಕೆಲಸವಾಗಿ ಚೇತಕ್ ಕೊಡಬಾರದು, ಚೀತಾ ಕೊಡಬೇಕು. ಗಾಜಿನ ಗುಳ್ಳೆಯನ್ನು ಬಿಟ್ಟರೆ ಅದರಲ್ಲಿ ಮುಚ್ಚಿಟ್ಟಿದ್ದು ಏನೂ ಇಲ್ಲ. ಬಾಲದ ಜಾಲರಿಯನ್ನು 1:50ಕ್ಕೆ ಕಾಗದದ ಮೇಲೆ ಬರೆದು, ಕಾಗದವನ್ನು ಹಲಗೆಗೆ ಅಂಟಿಸಿ, ಗೆರೆಯ ಮೇಲೆಯೇ ಬಿದಿರಿನ ಸೀಳು ಇಟ್ಟು ಜೋಡಿಸುತ್ತ ಹೋಗಬಹುದು. ಓರೆ ಕಡ್ಡಿಗಳನ್ನು ಹಾಕುವ ಮೊದಲು ಬಾಲದ ತುದಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಲಿ. ಓರೆ ಕಡ್ಡಿ ಕೂರಿಸಿದ ಮೇಲೆ ಮತ್ತೊಮ್ಮೆ ಅಲ್ಲಾಡಿಸಲಿ. ಅಷ್ಟಾದ ಮೇಲೆ ಆ ಕಡ್ಡಿ ಅಲ್ಲಿ ಯಾಕಿದೆ ಎಂದು ಮೇಷ್ಟರು ವಿವರಿಸಬೇಕಾಗಿಲ್ಲ.